ಗುಡಿಸಲಿನ ಗುರುತು

ಹರಿಹರ
10 ಜೂನ್ 1957

ಮನೆಯ ಯಜಮಾನರಿಗೆ ನಮಸ್ಕಾರಗಳು.

ನೀವು ಗಾಡಿ ಹತ್ತಿ ಹೋದ ಮೇಲೆ ಇದೇ ಮೊದಲ ಕಾಗದ. ಅತ್ತೆಯವರು ಚೆನ್ನಾಗಿದ್ದಾರೆ. ಮಗ ಎಮ್ಮೆಲ್ಲೆ ಆದ ಎಂದು ಬಂದವರಿಗೆಲ್ಲ ಸಕ್ಕರೆ ಹಂಚಿ ಹಂಚಿ, ಈಗ ನಾವಿಬ್ಬರೂ ಬೆಲ್ಲದ ಕಾಫಿ ಕುಡಿಯುತ್ತಿದ್ದೇವೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕಲ್ಲ, ಬರೆದಿದ್ದೇನೆ.

ಲಕೋಟೆಯ ಮೇಲಿನ ಅಕ್ಷರ ನನ್ನದಲ್ಲ, ಗಾಬರಿಯಾಗಬೇಡಿ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು, ಸರಿ. ಕೈಯಲ್ಲಿ ಬರೆಯಬಹುದೇ ಎಂದು ಅತ್ತೆಯವರನ್ನು ಕೇಳಿದೆ. "ಬಾಯಿ ಬ್ಯಾರೆ, ಕೈ ಬ್ಯಾರೆ ಏನು? ಎರಡೂ ನಿನ್ನವೇ ಅಲ್ಲೇನು? ಅವನ ಆಯುಷ್ಯಕ್ಕೆ ಒಳ್ಳೇದಲ್ಲ, ಬ್ಯಾಡ" ಅಂದರು. ಅಂಚೆಯ ನಬೀ ಸಾಬ್ ನಗುತ್ತಾ ವಿಳಾಸ ಬರೆದುಕೊಟ್ಟರು. "ಅಕ್ಕಾರೇ, ಊರೂರು ತಿರುಗಿ ಓಟು ಕೇಳಿದ್ರಲ್ಲ, ಆವಾಗ ಹೆಸರು ಹೆಂಗೆ ಹೇಳಿದ್ರಿ?" ಎಂದು ಕೇಳಿದರು.

ಆ ಕಥೆ ನಿಮಗೂ ಗೊತ್ತಿಲ್ಲ. ನೀವು ಚಾವಡಿಯಲ್ಲಿ ಗಂಡಸರಿಗೆ ಭಾಷಣ ಮಾಡುತ್ತಿದ್ದಾಗ ನಾನು ಹಿತ್ತಲ ಬಾಗಿಲಿಂದ ಅಡಿಗೆಮನೆಗಳಿಗೆ ಹೋಗುತ್ತಿದ್ದೆನಲ್ಲ. ಹೊಳೆಸಾಲಿನ ಹಳ್ಳಿಯೊಂದರಲ್ಲಿ ತಿಪ್ಪಮ್ಮ ಎಂಬ ಮುದುಕಿ ರೊಟ್ಟಿ ತಟ್ಟುತ್ತಾ ಕೂತಿದ್ದಳು.

"ಯಾರಿಗೆ ಹಾಕ್ಬೇಕವ್ವ ಓಟು? ಹೆಸರು ಹೇಳು" ಅಂದಳು.

"ನಮ್ಮ ಮನೆಯವರಿಗೇ ದೊಡ್ಡವ್ವ."

"ಮನೆಯವ್ರಿಗೆ ಒಂದು ಹೆಸರಿಲ್ಲೇನು?"

"ವರ್ಷಾ ಜನ ಪಾದಯಾತ್ರೆ ಹೋಗ್ತಾರಲ್ಲ, ಆ ಊರಿನ ಸ್ವಾಮಿ ಹೆಸರು" ಎಂದೆ. ಅವಳು ಮೈಲಾರ ಅಂದಳು, ಉಕ್ಕಡಗಾತ್ರಿ ಅಂದಳು, ಶ್ರೀಶೈಲಕ್ಕೂ ಹೋಗಿ ಬಂದಳು. ಅವಳ ಸೊಸೆ ಓಬವ್ವನಿಗೆ ನಗು ತಡೆಯಲಾಗದೆ ಹಿಟ್ಟೆಲ್ಲ ಚೆಲ್ಲಿತು. ಮದುವೆಯ ದಿನ ಒಡಪಿನ ಪದ್ಯದಲ್ಲಿ ಒಂದು ಸಲ ಹೇಳಿದ ಹೆಸರು, ಅದನ್ನು ಓಟಿಗೋಸ್ಕರ ಬಾಯಿಗೆ ತರುವುದೇ? "ಹೆಸರು ಬಿಡು ದೊಡ್ಡವ್ವ. ಪರದೆ ಹಿಂದೆ ಸಾಲಾಗಿ ಪೆಟ್ಟಿಗೆ ಇಟ್ಟಿರ್ತಾರೆ. ಗುಡಿಸಲು ಚಿತ್ರ ಇರೋ ಪೆಟ್ಟಿಗೆಗೆ ನಿನ್ನ ಚೀಟಿ ಹಾಕು" ಎಂದೆ. ಅವಳಿಗೆ ಅಷ್ಟು ಸಾಕಾಯಿತು. ಓಟಿನ ದಿನ ನಮ್ಮ ಪೆಟ್ಟಿಗೆಗೆ ಕುಂಕುಮ ಹಚ್ಚಿ, ಕೈ ಮುಗಿದು, ಅಧಿಕಾರಿಯಿಂದ ಬೈಸಿಕೊಂಡು ಬಂದಳಂತೆ.

ಆಮೇಲೆ ಎಲ್ಲ ಹಳ್ಳಿಯಲ್ಲೂ ಅದೇ ಪಾಠ. ಈಗ ಹೊಳೆಸಾಲಿನಲ್ಲಿ ನನ್ನ ಹೆಸರು ಗುಡಿಸಲಕ್ಕ. ನಿಮ್ಮ ಹೆಸರು ಅಲ್ಲಿಯ ಹೆಂಗಸರಿಗೆ ಗೊತ್ತೇ ಇಲ್ಲ, ಬೇಕಾದರೆ ಬೇಸರ ಮಾಡಿಕೊಳ್ಳಿ. ಅವರು ನನ್ನ ಮಾತಿನ ಮೇಲೆ ಹಾಕಿದ್ದಾರೆ. ಆ ಗುಡಿಸಲನ್ನು ಜೋಪಾನ ಮಾಡಿ.

ನಿಮ್ಮ,
ಅಕ್ಕನಾಗಮ್ಮ


ಬೆಂಗಳೂರು
2 ಜುಲೈ 1957

ಹರಿಹರದ ಮನೆಗೆ,

ಕಾಗದ ಓದಿ ನಮ್ಮ ಪ್ರಜಾ ಸೋಷಲಿಸ್ಟ್ ಗೆಳೆಯರಿಗೆಲ್ಲ ಹೇಳಿದೆ, ನಕ್ಕು ನಕ್ಕು ಸಾಕಾದರು. ಕೊಟ್ಟೂರು ಒಂದನ್ನು ಬಿಟ್ಟು ದೇಶದ ಕ್ಷೇತ್ರಗಳನ್ನೆಲ್ಲ ಸುತ್ತಿಬಂದಳಲ್ಲ ನಿನ್ನ ತಿಪ್ಪಮ್ಮ.

ಇಲ್ಲಿಯ ಸಭಾಂಗಣ ಹೊಸದು, ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಸಭಾಧ್ಯಕ್ಷರ ಬಲಗಡೆ ಆಳುವ ಕಾಂಗ್ರೆಸ್ಸಿನವರು, ಎಡಗಡೆ ನಾವು ವಿರೋಧಿಗಳು. ಬಲಗಡೆ ಸಂತೆ ನೆರೆದ ಹಾಗೆ ಇರುತ್ತದೆ. ನಾವು ಒಂದು ಹಿಡಿ ಜನ. ಕೈ ಎತ್ತಿ ಎಣಿಸಿದಾಗಲೆಲ್ಲ ಸೋಲುತ್ತೇವೆ, ಆದರೂ ಎತ್ತುತ್ತೇವೆ. ಹೊಳೆಸಾಲಿಗೆ ರಸ್ತೆ ಬೇಕು ಎಂದು ಮೊನ್ನೆ ಮಾತಾಡಿದೆ. ಮೊನ್ನೆ ಮೊನ್ನೆಯವರೆಗೆ ಹೊಳೆಯ ಆಚೆ ದಡ ಮುಂಬಯಿ ಸರ್ಕಾರದ್ದು, ಈಚೆ ದಡ ಮೈಸೂರಿನದು. ಈಗ ಎರಡೂ ಒಂದಾಗಿವೆ, ರಸ್ತೆ ಮಾತ್ರ ಎರಡು ಕಡೆಯೂ ಇಲ್ಲ ಎಂದೆ. ಬಲಗಡೆಯವರೂ ಮೇಜು ಕುಟ್ಟಿದರು. ಮಂತ್ರಿಗಳು ಪರಿಶೀಲಿಸುತ್ತೇವೆ ಅಂದರು.

ಮೇಲೆ ಗ್ಯಾಲರಿ ಇದೆ, ಹೊರಗಿನವರು ಕೂತು ನೋಡಬಹುದು. ಶಾಸಕರ ವಸತಿಯ ಈ ಕೋಣೆ ಒಬ್ಬನಿಗೇ ಇಕ್ಕಟ್ಟು. ದಸರೆಯ ಹೊತ್ತಿಗೆ ಒಂದು ಮನೆ ನೋಡುತ್ತೇನೆ, ನಿನ್ನನ್ನೂ ಅವ್ವನನ್ನೂ ಕರೆಸಿಕೊಳ್ಳುತ್ತೇನೆ. ನೀನು ಗ್ಯಾಲರಿಯಲ್ಲಿ ಕೂರು, ನಾನು ಕೆಳಗಿನಿಂದ ಮಾತಾಡುತ್ತೇನೆ. ಇಲ್ಲಿ ಮಂಡಕ್ಕಿ ಸಿಗುತ್ತದೆ, ಮೆಣಸಿನಕಾಯಿ ಬಜ್ಜಿ ನಮ್ಮ ದಾವಣಗೆರೆಯ ಹಾಗಿರುವುದಿಲ್ಲ.

ಕೊಟ್ಟೂರಪ್ಪ


ಬೆಂಗಳೂರು
24 ಮೇ 1958

ಹರಿಹರದ ಮನೆಗೆ,

ಪತ್ರಿಕೆಯಲ್ಲಿ ನೋಡಿರುತ್ತೀರಿ. ಮುಖ್ಯಮಂತ್ರಿ ಬದಲಾದರು. ನಾವು ಒಂದು ವರ್ಷ ಕೂಗಿದರೂ ಅಲುಗಾಡದ ಕುರ್ಚಿಯನ್ನು ಅವರವರೇ ಅಲುಗಾಡಿಸಿಕೊಂಡರು. ಬಲಗಡೆಯ ಸಾಲಿನಲ್ಲೇ ಒಂದು ಎಡ, ಒಂದು ಬಲ ಇದೆ ಎಂದು ಈಗ ತಿಳಿಯಿತು. ಇಂಥ ಹೊತ್ತಿನಲ್ಲಿ ಊರಿಗೆ ಬರಲಾಗುವುದಿಲ್ಲ. ಮನೆಯ ವಿಷಯ ದೀಪಾವಳಿಯ ನಂತರ ನೋಡುತ್ತೇನೆ.

ಕೊಟ್ಟೂರಪ್ಪ


ಹರಿಹರ
8 ಜೂನ್ 1958

ಮನೆಯ ಯಜಮಾನರಿಗೆ ನಮಸ್ಕಾರಗಳು.

ಅಲ್ಲಿ ಮುಖ್ಯಮಂತ್ರಿಯೇ ಬದಲಾದರು, ಇಲ್ಲಿ ಹಿತ್ತಲ ಬಾಗಿಲ ಚಿಲಕ ಬದಲಾಗಿಲ್ಲ. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಗಾದೆ ಮಾಡಿದವನ ಹೆಂಡತಿಯನ್ನು ನಾನೊಮ್ಮೆ ನೋಡಬೇಕು, ಇಬ್ಬರೂ ಕೂತು ಮಾತಾಡಬಹುದು.

ನೀವು ಲಕೋಟೆಯ ಮೇಲೆ ಅತ್ತೆಯವರ ಹೆಸರು ಬರೆಯುತ್ತೀರಿ, ಒಳಗೆ 'ಮನೆಗೆ' ಎಂದು ಬರೆಯುತ್ತೀರಿ. ದ್ರಾಕ್ಷಾಯಣಮ್ಮನವರಿಗೆ ಓದು ಬಾರದು, ಮನೆಗಂತೂ ಬಾರದು. ಓದುವವಳು ನಾನೊಬ್ಬಳೇ. ಸುಮ್ಮನೆ ಹೇಳಿದೆ.

ಹೊಳೆಸಾಲಿಗೆ ಹೋಗಿದ್ದೆ. ತಿಪ್ಪಮ್ಮ, "ಗುಡಿಸಲು ಹೆಂಗೈತೆ?" ಎಂದು ಕೇಳಿದಳು. "ಬೆಂಗಳೂರಾಗೈತೆ" ಎಂದೆ. "ಎತ್ತಿಕೊಂಡು ಹೋಗ್ಯಾರೇನು ಹಂಗಾದ್ರೆ" ಅಂದಳು. ನನಗೂ ನಗು ಬಂತು. ದಾರಿಯಲ್ಲಿ ಬರುತ್ತಾ ನಗು ಬರಲಿಲ್ಲ.

ನಿಮ್ಮ,
ಅಕ್ಕನಾಗಮ್ಮ


ಹರಿಹರ
19 ಸೆಪ್ಟೆಂಬರ್ 1960

ಮನೆಯ ಯಜಮಾನರಿಗೆ ನಮಸ್ಕಾರಗಳು.

ಅತ್ತೆಯವರ ಹನ್ನೊಂದನೆಯ ದಿನದ ಕಾರ್ಯ ಸರಿಯಾಗಿ ಮುಗಿಯಿತು. ಸ್ವಾಮಿಗಳು ಬಂದಿದ್ದರು, ಊಟಕ್ಕೆ ಯಾರಿಗೂ ಕಡಿಮೆಯಾಗಲಿಲ್ಲ. ನೀವು ಮಣ್ಣು ಮುಗಿಸಿ ಮೂರನೆಯ ದಿನವೇ ಹೊರಟಾಗ, ಯಾವುದೋ ಓಟಿನ ಎಣಿಕೆ ಇದೆ, ಒಂದು ಕೈ ಕಡಿಮೆಯಾದರೂ ಆಗದು ಅಂದಿರಿ. ಆ ಓಟು ಏನಾಯಿತು ಎಂದು ಪತ್ರಿಕೆಯಲ್ಲಿ ಹುಡುಕಿದೆ. ಯಾವಾಗಲೂ ಆಗುವ ಹಾಗೆ ಸೋತಿದ್ದೀರಿ. ಒಂದು ಕೈ ಇಲ್ಲಿದ್ದರೂ ಅಷ್ಟೇ ಆಗುತ್ತಿತ್ತಲ್ಲ ಎಂದು ಅನ್ನಿಸಿತು, ತಪ್ಪು ತಿಳಿಯಬೇಡಿ.

ಮನೆಯಲ್ಲಿ ಈಗ ಶಬ್ದವೇ ಇಲ್ಲ. ಅವರು ಕೆಮ್ಮುತ್ತಿದ್ದರೆ ಸಿಟ್ಟು ಬರುತ್ತಿತ್ತು. ಇನ್ನು ಲಕೋಟೆಯ ಮೇಲೆ ಯಾರ ಹೆಸರು ಬರೆಯುತ್ತೀರಿ?

ನಿಮ್ಮ,
ಅಕ್ಕನಾಗಮ್ಮ


ಹರಿಹರ
4 ಮಾರ್ಚ್ 1962

ಮನೆಯ ಯಜಮಾನರಿಗೆ ನಮಸ್ಕಾರಗಳು.

ಮತ್ತೆ ಗೆದ್ದಿರಿ. ಓಟಿನ ತಿಂಗಳು ನೀವು ಮನೆಯಲ್ಲಿದ್ದಿರಿ, ಮನೆ ತುಂಬ ಜನ, ದಿನಾ ಒಲೆ ಆರಲಿಲ್ಲ. ಚುನಾವಣೆ ವರ್ಷಕ್ಕೊಮ್ಮೆ ಬರಬಾರದೇ ಎಂದು ಆಸೆಯಾಯಿತು. ಹೊಸದುರ್ಗದಲ್ಲಿ ಕಾಂಗ್ರೆಸ್ಸಿನ ದೊಡ್ಡ ನಾಯಕರನ್ನೇ ನಿಮ್ಮ ಪಕ್ಷದ ಗುಡಿಸಲು ಸೋಲಿಸಿತಂತಲ್ಲ. ದಾವಣಗೆರೆಯ ಮಿಲ್ಲಿನವರು ಪಟಾಕಿ ಹೊಡೆದದ್ದು ಇಲ್ಲಿಯವರೆಗೆ ಕೇಳಿತು ಎಂದು ನಬೀ ಸಾಬ್ ಹೇಳಿದರು. ಅವರ ಮಾತಿನಲ್ಲಿ ಅರ್ಧ ತೆಗೆಯಬೇಕು.

ಈ ಸಲ ಪೆಟ್ಟಿಗೆ ಒಂದೇ, ಕಾಗದದ ಮೇಲೆ ಎಲ್ಲರ ಗುರುತು, ಬೇಕಾದ್ದರ ಮೇಲೆ ಮುದ್ರೆ ಒತ್ತಬೇಕು ಎಂದಾಗ ನನಗೇ ಭಯವಾಗಿತ್ತು. ತಿಪ್ಪಮ್ಮನ ಅಡಿಗೆಮನೆಯ ನೆಲದ ಮೇಲೆ ರಂಗೋಲಿಯಲ್ಲಿ ಗುಡಿಸಲು ಬರೆದೆ. ಬದನೆಕಾಯಿಯ ತೊಟ್ಟನ್ನು ಮಸಿಯಲ್ಲಿ ಅದ್ದಿ ಒತ್ತುವುದನ್ನು ಒಬ್ಬೊಬ್ಬರಿಗೂ ಕಲಿಸಿದೆ. ಮುದುಕಿ ಪಾಪ, ಬದನೆಕಾಯಿಯನ್ನು ಓಟಿನ ದಿನ ಸೊಂಟದಲ್ಲಿ ಸಿಕ್ಕಿಸಿಕೊಂಡು ಹೋಗಿದ್ದಳು.

ನಿಮ್ಮ ಟವೆಲು ಇಲ್ಲೇ ಉಳಿದಿದೆ.

ನಿಮ್ಮ,
ಅಕ್ಕನಾಗಮ್ಮ


ಬೆಂಗಳೂರು
30 ಆಗಸ್ಟ್ 1964

ಹರಿಹರದ ಮನೆಗೆ,

ಬಹಳ ದಿನಗಳಿಂದ ಬರೆದಿಲ್ಲ. ಬರೆಯುವ ವಿಷಯ ಸಣ್ಣದಲ್ಲ.

ನಾನು ಕಾಂಗ್ರೆಸ್ ಸೇರಿದ್ದೇನೆ. ಒಬ್ಬನೇ ಅಲ್ಲ, ದಿಲ್ಲಿಯಿಂದ ಹಿಡಿದು ನಮ್ಮ ಅನೇಕರು ಹೋಗಿದ್ದಾರೆ. ಸಮಾಜವಾದವೇ ತನ್ನ ಗುರಿ ಎಂದು ಕಾಂಗ್ರೆಸ್ಸೇ ಸಾರಿದ ಮೇಲೆ, ಹೊರಗೆ ನಿಂತು ಕಲ್ಲೆಸೆಯುವುದರಲ್ಲಿ ಅರ್ಥವಿಲ್ಲ. ಏಳು ವರ್ಷ ಕೈ ಎತ್ತಿ ಎತ್ತಿ ಸೋತಿದ್ದೇನೆ. ಹೊಳೆಸಾಲಿನ ರಸ್ತೆ ಇನ್ನೂ ಪರಿಶೀಲನೆಯಲ್ಲೇ ಇದೆ. ಈಗ ಸಭಾಧ್ಯಕ್ಷರ ಬಲಗಡೆ ಕೂರುತ್ತೇನೆ. ಎಡದಿಂದ ಬಲಕ್ಕೆ ನಾಲ್ಕೇ ಹೆಜ್ಜೆ. ನಡೆಯುವಾಗ ಎರಡು ಕಡೆಯವರೂ ನಕ್ಕರು.

ನಿನಗೆ ಸಿಟ್ಟು ಬರಬಹುದು. ಎದುರಿಗೆ ಕೂತು ಹೇಳಬೇಕಿತ್ತು. ಆಗಲಿಲ್ಲ.

ಕೊಟ್ಟೂರಪ್ಪ


ಹರಿಹರ
22 ನವೆಂಬರ್ 1964

ಮನೆಯ ಯಜಮಾನರಿಗೆ ನಮಸ್ಕಾರಗಳು.

ನಿಮ್ಮ ಕಾಗದಕ್ಕೆ ಎರಡು ಸಲ ಉತ್ತರ ಬರೆದು ಒಲೆಗೆ ಹಾಕಿದೆ. ಪಕ್ಷದ ವಿಷಯ ನನಗೆ ತಿಳಿಯುವುದಿಲ್ಲ. ಎರಡು ಕಡೆಯವರೂ ನಕ್ಕರು ಎಂದು ಬರೆದಿದ್ದೀರಲ್ಲ. ಆ ಹೊತ್ತಿನಲ್ಲಿ ನಾನು ಗ್ಯಾಲರಿಯಲ್ಲಿ ಇದ್ದಿದ್ದರೆ ನಗುತ್ತಿರಲಿಲ್ಲ.

ಹೋದ ಭಾನುವಾರ ದಾವಣಗೆರೆಯಲ್ಲಿ ನಿಮ್ಮ ಸಭೆ ಇತ್ತು. ಬಸ್ಸಿನಲ್ಲಿ ಬಂದಿದ್ದೆ. ಹೆಂಗಸರಿಗೆ ಎಂದು ಹಗ್ಗ ಕಟ್ಟಿದ್ದ ಕಡೆ ಕೂತಿದ್ದೆ. ವೇದಿಕೆಯ ಹಿಂದೆ ಕಾಂಗ್ರೆಸ್ಸಿನ ಗುರುತು ಜೋಡೆತ್ತಿನ ಚಿತ್ರ ಬರೆದ ದೊಡ್ಡ ಬಟ್ಟೆ. ನೀವು ಸೊರಗಿದ್ದೀರಿ, ಕನ್ನಡಕ ಹೊಸದು. ಮಾತಾಡುತ್ತಾ ಒಮ್ಮೆ ಈ ಕಡೆ ನೋಡಿದಿರಿ. ನೋಡಿದ್ದು ನನ್ನನ್ನೋ ನನ್ನ ಹಿಂದಿನ ಕಂಬವನ್ನೋ ಗೊತ್ತಾಗಲಿಲ್ಲ. ಸಭೆ ಮುಗಿದ ಮೇಲೆ ಮಂತ್ರಿಗಳ ಕಾರಿನಲ್ಲಿ ಬೆಂಗಳೂರಿನ ಕಡೆಗೇ ತಿರುಗಿದಿರಿ.

ಮನೆಗೆ ಬಂದು, ಹೋಗುವಾಗ ನೆನೆಹಾಕಿದ್ದ ಅಕ್ಕಿಯನ್ನು ನೋಡಿದೆ. ಇಬ್ಬರಿಗೆ ಆಗುವಷ್ಟು ಹಾಕಿದ್ದೆ. ಎರಡು ದಿನ ದೋಸೆ ತಿಂದೆ.

ನಿಮ್ಮ,
ಅಕ್ಕನಾಗಮ್ಮ


ದಾವಣಗೆರೆ
20 ಜನವರಿ 1967

ಹರಿಹರದ ಮನೆಗೆ,

ಟಿಕೆಟ್ ಸಿಕ್ಕಿದೆ. ಇಲ್ಲಿ ಹತ್ತಿ ವರ್ತಕರಾದ ಕಲ್ಲೇಶಪ್ಪನವರ ಮನೆಯಲ್ಲಿ ಇಳಿದಿದ್ದೇನೆ. ಜೀಪು, ಫೋನು, ಜನ ಎಲ್ಲ ಇಲ್ಲೇ. ಹರಿಹರಕ್ಕೆ ಬರಬೇಕು ಎಂದು ದಿನಾ ಹೊರಡುತ್ತೇನೆ, ಯಾರೋ ಎಳೆದುಕೊಂಡು ಹೋಗುತ್ತಾರೆ.

ಈ ಸಲ ಗಾಳಿ ಕಾಂಗ್ರೆಸ್ಸಿನ ಕಡೆ ಇಲ್ಲ. ಗುಡಿಸಲಿಗೆ ನನ್ನ ಹಳೆಯ ಸಂಗಾತಿ ಭರಮಣ್ಣನೇ ನಿಂತಿದ್ದಾನೆ. ಗಂಡಸರ ಓಟು ನಾನು ನೋಡಿಕೊಳ್ಳುತ್ತೇನೆ. ಹೊಳೆಸಾಲಿನ ಹೆಂಗಸರು ನಿನ್ನ ಮಾತು ಬಿಟ್ಟು ಬೇರೆಯವರ ಮಾತು ಕೇಳುವುದಿಲ್ಲ. ಒಂದು ಸುತ್ತು ಹೋಗಿ ಬಾ. ಗುಡಿಸಲಲ್ಲ, ಜೋಡೆತ್ತು ಎಂದು ತಿಳಿಸಿ ಹೇಳು.

ಗೆದ್ದರೆ ಉಪಮಂತ್ರಿ ಮಾಡುವ ಮಾತಿದೆ. ಸರ್ಕಾರದ ಮನೆ ಕೊಡುತ್ತಾರೆ. ಈ ಸಲ ಸುಳ್ಳಲ್ಲ, ಹರಿಹರದ ಮನೆಗೆ ಬೀಗ ಹಾಕಿ ನೀನು ಬಂದುಬಿಡು. ಇಷ್ಟು ವರ್ಷ ನೀನು ಅಲ್ಲಿ ಒಬ್ಬಳೇ, ನಾನು ಬೆಂಗಳೂರಿನಲ್ಲಿ ಒಬ್ಬನೇ ಇದ್ದದ್ದು ಸಾಕು.

ಕೊಟ್ಟೂರಪ್ಪ


ಹರಿಹರ
12 ಫೆಬ್ರವರಿ 1967

ಮನೆಯ ಯಜಮಾನರಿಗೆ ನಮಸ್ಕಾರಗಳು.

ಹೋಗಿ ಬಂದೆ. ನಿಮ್ಮ ಕಾಗದದ ಕೊನೆಯ ಸಾಲನ್ನು ಬಸ್ಸಿನಲ್ಲಿ ಮತ್ತೆ ಮತ್ತೆ ಓದಿಕೊಂಡು ಹೋದೆ. ಮುಚ್ಚಿಡುವುದೇನು, ನಾನು ಜೋಡೆತ್ತಿಗಾಗಿ ಹೋಗಲಿಲ್ಲ, ಆ ಸಾಲಿಗಾಗಿ ಹೋದೆ.

ತಿಪ್ಪಮ್ಮನ ಮನೆಯಲ್ಲಿ ಹೆಂಗಸರೆಲ್ಲ ಸೇರಿದ್ದರು. "ಈ ಸಲ ಗುಡಿಸಲಿಗೆ ಬ್ಯಾಡ್ರವ್ವ, ಎತ್ತಿಗೆ ಒತ್ತಿ" ಎಂದೆ.

ತಿಪ್ಪಮ್ಮ ನನ್ನ ಕೈ ಹಿಡಿದು, "ಗುಡಿಸಲಕ್ಕ, ಯಾರಾದ್ರೂ ಹೆದರಿಸ್ಯಾರೇನು ನಿನಗೆ?" ಎಂದು ಕೇಳಿದಳು.

"ಇಲ್ಲ ದೊಡ್ಡವ್ವ. ನಮ್ಮ ಮನೆಯವರು ಎತ್ತಿಗೆ ನಿಂತಾರೆ."

"ನಿಮ್ಮ ಮನೆಯವ್ರದು ಗುಡಿಸಲಲ್ಲೇನು? ಗುಡಿಸಲಿಗೆ ಯಾರೋ ನಿಂತಾರಂತಲ್ಲ, ಅವ್ರೇ ಅಲ್ಲೇನು?"

ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ತಪ್ಪು ಅವರದಲ್ಲ. ಹತ್ತು ವರ್ಷ ಅವರಿಗೆ ನಾನು ಒಂದು ಹೆಸರು ಹೇಳಿದ್ದರೆ ಆ ಹೆಸರನ್ನು ಹಿಡಿದುಕೊಂಡು ಅವರು ಎತ್ತಿಗೂ ಬರುತ್ತಿದ್ದರು, ಕುದುರೆಗೂ ಬರುತ್ತಿದ್ದರು. ಹೇಳಿದ್ದು ಗುಡಿಸಲು ಒಂದೇ.

ಆಗ ಹೇಳಿಬಿಟ್ಟೆ. ಒಡಪಿಲ್ಲದೆ, ಆರತಿಯಿಲ್ಲದೆ, ಬೀದಿಯಲ್ಲಿ ಕೂಗುವವರ ಹಾಗೆ ನಿಮ್ಮ ಹೆಸರು ಹೇಳಿದೆ. "ಎತ್ತಿಗೆ ನಿಂತವರ ಹೆಸರು ಇದು, ಗುರುತು ಇಟ್ಟುಕೊಳ್ರಿ" ಎಂದು ಇನ್ನೊಮ್ಮೆಯೂ ಹೇಳಿದೆ. ಅತ್ತೆಯವರು ಇದ್ದಿದ್ದರೆ ಏನನ್ನುತ್ತಿದ್ದರೋ. ನಿಮ್ಮ ಆಯುಷ್ಯಕ್ಕೆ ಏನೂ ಆಗದಿರಲಿ ಎಂದು ಮನಸ್ಸಿನಲ್ಲಿ ಹರಿಹರೇಶ್ವರನಿಗೆ ಕೈ ಮುಗಿದೆ.

ಓಬವ್ವ ಒಲೆಯ ಕಡೆ ತಿರುಗಿಕೊಂಡಳು. ತಿಪ್ಪಮ್ಮ ಎದ್ದು ಬಂದು ಸೆರಗಿನಿಂದ ನನ್ನ ಮುಖ ಒರೆಸಿ, ಬೆಲ್ಲದ ನೀರು ಕುಡಿಸಿದಳು. "ನಮಗೆ ತಿಳೀತು ಬಿಡವ್ವ. ಇನ್ನ ನೀನು ಏನೂ ಹೇಳಬ್ಯಾಡ" ಅಂದಳು.

ಮುಂದಿನ ಹಳ್ಳಿಗಳಿಗೆ ನನಗಿಂತ ಮೊದಲೇ ಸುದ್ದಿ ಹೋಗಿತ್ತು. ಎಲ್ಲಿಯೂ ನನ್ನನ್ನು ನಿಲ್ಲಿಸಿ ಮಾತಾಡಿಸಲಿಲ್ಲ, ಕೂರಿಸಿ ಉಣ್ಣಿಸಿದರು. ನೀವು ಗೆಲ್ಲುತ್ತೀರಿ. ತಾಮ್ರದ ಹಂಡೆ ಬೆಂಗಳೂರಿಗೆ ತರಲೋ, ಇಲ್ಲೇ ಯಾರಿಗಾದರೂ ಕೊಡಲೋ ತಿಳಿಸಿ.

ನಿಮ್ಮ,
ಅಕ್ಕನಾಗಮ್ಮ


ದಾವಣಗೆರೆ
26 ಫೆಬ್ರವರಿ 1967

ಹರಿಹರದ ಮನೆಗೆ,

ಸೋತೆ. ರಾಜ್ಯದಲ್ಲಿ ಕಾಂಗ್ರೆಸ್ಸೇ ಮತ್ತೆ ಬಂತು, ನಾನೊಬ್ಬ ಹೊರಗೆ ಉಳಿದೆ. ಏಳು ವರ್ಷ ಆಳುವವರು ಗೆದ್ದಾಗಲೆಲ್ಲ ಎದುರಿಗಿದ್ದೆ, ಈಗ ನನ್ನವರೇ ಗೆದ್ದಾಗ ಬಾಗಿಲಾಚೆ ಇದ್ದೇನೆ.

ಎಣಿಕೆಯಲ್ಲಿ ಸಂಜೆಯವರೆಗೆ ಮುಂದಿದ್ದೆ. ಆಮೇಲೆ ಹೊಳೆಸಾಲಿನ ಹೆಂಗಸರ ಮತಗಟ್ಟೆಗಳ ಪೆಟ್ಟಿಗೆಗಳು ಬಂದವು. ಗುಡಿಸಲು, ಗುಡಿಸಲು, ಗುಡಿಸಲು. ನನ್ನ ಎತ್ತಿನ ಮೇಲೆ ಮುದ್ರೆಯೇ ಇಲ್ಲ. ಭರಮಣ್ಣ ನನ್ನ ಮುಖ ನೋಡಲಾರದೆ ಎದ್ದು ಹೋದ.

ನೀನು ಹೋಗಿದ್ದೆ ಎಂದು ಬರೆದಿದ್ದೀಯ. ಹೋಗಿ ಏನು ಹೇಳಿದೆ ಎಂದು ನನಗೆ ಈಗ ಅನುಮಾನ. ಕಾಂಗ್ರೆಸ್ ಸೇರಿದ್ದಕ್ಕೆ ನಿನಗೆ ಸಿಟ್ಟಿತ್ತು. ಅದನ್ನು ನನ್ನ ಎದುರು ಹೇಳಬಹುದಿತ್ತು, ಹೊಳೆಸಾಲಿನಲ್ಲಿ ಹೇಳಬೇಕಾಗಿರಲಿಲ್ಲ. ಇವತ್ತೇ ಬೆಂಗಳೂರಿಗೆ ಹೋಗುತ್ತಿದ್ದೇನೆ.

ಕೊಟ್ಟೂರಪ್ಪ


ಹರಿಹರ
9 ಮಾರ್ಚ್ 1967

ಮನೆಯ ಯಜಮಾನರಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ ಸಿಟ್ಟು ಬಂತು. ಎದ್ದು ನೇರ ತಿಪ್ಪಮ್ಮನ ಮನೆಗೆ ಹೋದೆ. ಬಿಳಿಜೋಳದ ರಾಶಿ ಮಾಡುತ್ತಿದ್ದರು.

"ಎತ್ತಿಗೆ ಒತ್ತಿ ಅಂದಿದ್ನಲ್ಲ. ತಿಳೀತು ಅಂದಿದ್ಯಲ್ಲ. ಯಾಕ ಹಿಂಗೆ ಮಾಡಿದ್ರಿ?" ಎಂದು ಕೇಳಿದೆ.

ಅವಳು ನನ್ನನ್ನೇ ಆಶ್ಚರ್ಯದಿಂದ ನೋಡಿದಳು. "ನಿನಗೋಸ್ಕರನೇ ಮಾಡೀವಿ ಕಣವ್ವ" ಅಂದಳು. "ಗಂಡನ ಹೆಸರು ಬಾಯಿಬಿಟ್ಟು ಹೇಳಿದಿ. ಒಂದ್ಸಲ ಅಲ್ಲ, ಎರಡು ಸಲ. ನಮ್ಮಾಗ ಹೆಂಗಸು ಹಂಗೆ ಹೆಸರು ಹೇಳಾದು ಯಾವಾಗ? ಪಂಚಾಯ್ತಿ ಕೂಡಿಸಿ ಬಿಡುಗಡೆ ಕೇಳಾವಾಗ. ಋಣ ಹರೀತು ಅಂದಾಗ. ನಿನ್ನ ಬಿಟ್ಟಾನ ಅಂತ ನಮಗೆ ಆಗಲೇ ತಿಳೀತು. ಅವನೇ ಹೆದರಿಸಿ, ತನಗೆ ಓಟು ಕೇಳಾಕೆ ನಿನ್ನ ಕಳಿಸ್ಯಾನ ಅಂತಾನೂ ತಿಳೀತು. ಬಿಟ್ಟವನಿಗೆ ನಾವು ಓಟು ಹಾಕ್ತೀವೇನು? ಊರೂರಿಗೂ ಹೇಳಿ ಕಳಿಸಿದ್ವಿ."

ಹೀಗೆ ಆಯಿತು ನೋಡಿ. ಹತ್ತು ವರ್ಷ ನಿಮ್ಮ ಹೆಸರು ಹೇಳದೆ ಗೆಲ್ಲಿಸಿದೆ. ಒಂದು ದಿನ ಹೇಳಿ ಸೋಲಿಸಿದೆ. ನೀವು ಬರೆದ ಹಾಗೆ ಸಿಟ್ಟಿನಿಂದಲ್ಲ.

ಇಲ್ಲ, ನಿನಗೆ ತಪ್ಪು ತಿಳಿದಿದೆ, ನನ್ನನ್ನು ಯಾರೂ ಬಿಟ್ಟಿಲ್ಲ ಎಂದು ಹೇಳಹೊರಟೆ. "ಹಂಗಾದ್ರೆ ಅವನು ಮನಿಗೆ ಯಾವಾಗ ಬಂದಿದ್ದ?" ಎಂದು ಕೇಳಿದಳು. ಹಂಗಿಸುವುದಕ್ಕಲ್ಲ, ಸುಮ್ಮನೆ ಕೇಳಿದಳು. ದಾವಣಗೆರೆಯಲ್ಲಿ ಒಂದು ತಿಂಗಳು ಇದ್ದಿರಿ. ಬಸ್ಸಿಗೆ ಎಷ್ಟು ಹೊತ್ತು?

ಹೊರಡುವಾಗ ಓಬವ್ವ ಮೊರದಲ್ಲಿ ಜೋಳ ತಂದಳು. ಗಂಡ ಬಿಟ್ಟ ಹೆಣ್ಣಿಗೆ ರಾಶಿಯ ದಿನ ಒಂದು ಮೊರ ಕೊಡುವುದು ಅವರ ಊರಿನ ಪದ್ಧತಿಯಂತೆ. ಹೀಗೆ ಕೊಟ್ಟರೆ ಸೆರಗಿನಲ್ಲಿ ತೆಗೆದುಕೊಳ್ಳಬೇಕು. ನನ್ನ ಮೈಯೆಲ್ಲ ಉರಿಯಿತು. "ನನಗೆ ಗಂಡ ಅದಾನೆ, ಇದು ನನಗೆ ಬ್ಯಾಡ" ಎಂದು ಅಲ್ಲೇ ಬಿಟ್ಟು ಬಂದೆ.

ಒಂದು ಸಲ ಬನ್ನಿ. ಓಟು ಕೇಳುವುದಕ್ಕಲ್ಲ. ನನ್ನ ಜೊತೆ ತಿಪ್ಪಮ್ಮನ ಮನೆಯ ಜಗಲಿಯ ಮೇಲೆ ಅರ್ಧ ಗಂಟೆ ಕೂತು, ಅವಳು ಕೊಟ್ಟ ನೀರು ಕುಡಿದು ಬಂದರೆ ಸಾಕು. ಬೇರೇನೂ ಕೇಳುವುದಿಲ್ಲ.

ನಿಮ್ಮ,
ಅಕ್ಕನಾಗಮ್ಮ


ಬೆಂಗಳೂರು
18 ಏಪ್ರಿಲ್ 1967

ಅಕ್ಕನಾಗಮ್ಮಾ,

ಅವ್ವ ಹೋದ ಮೇಲೆ ಲಕೋಟೆಯ ಮೇಲೆ ಬರೀ ಮನೆಯ ವಿಳಾಸ ಬರೆಯುತ್ತಿದ್ದೆ. ಈ ಸಲ ಅಲ್ಲೂ ನಿನ್ನ ಹೆಸರನ್ನೇ ಬರೆದಿದ್ದೇನೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಇದೇ ಮೊದಲು.

ನಿನ್ನ ಮೇಲೆ ಅನುಮಾನಪಟ್ಟದ್ದು ನನ್ನ ಸಣ್ಣತನ. ನೀನು ನನಗಾಗಿ ಏನನ್ನು ಬಿಟ್ಟುಕೊಟ್ಟೆ ಎಂದು ತಡವಾಗಿ ಅರ್ಥವಾಯಿತು.

ಶಾಸಕರ ವಸತಿಯ ಕೋಣೆ ಬಿಟ್ಟೆ. ಗಾಂಧಿನಗರದಲ್ಲಿ ಒಂದು ಲಾಡ್ಜಿನಲ್ಲಿದ್ದೇನೆ. ಮೊನ್ನೆ ಚೀಟಿ ತೆಗೆದುಕೊಂಡು ಗ್ಯಾಲರಿಗೆ ಹೋಗಿ ಕೂತೆ. ನಿನ್ನನ್ನು ಕೂರಿಸುತ್ತೇನೆ ಎಂದಿದ್ದೆನಲ್ಲ, ಅಲ್ಲಿ. ಎಡಗಡೆಯ ನನ್ನ ಹಳೆಯ ಜಾಗದಲ್ಲಿ ಭರಮಣ್ಣ ಇದ್ದ. ಬಲಗಡೆಯ ಜಾಗದಲ್ಲಿ ಯಾರೋ ಹೊಸಬ ನಿದ್ದೆ ಮಾಡುತ್ತಿದ್ದ. ಭರಮಣ್ಣ ಎದ್ದು ಹೊಳೆಸಾಲಿನ ರಸ್ತೆಯ ಮಾತೆತ್ತಿದ. ಮಂತ್ರಿಗಳು ಪರಿಶೀಲಿಸುತ್ತೇವೆ ಅಂದರು. ನಾನು ಕೆಳಗಿಳಿದು ಬಂದೆ.

ಬರುತ್ತೇನೆ. ನಿನ್ನ ಜೊತೆ ಆ ಜಗಲಿಯ ಮೇಲೆ ಕೂರುತ್ತೇನೆ. ಒಂದು ನಿಗಮದ ಅಧ್ಯಕ್ಷತೆಗೆ ನನ್ನ ಹೆಸರು ಹೋಗಿದೆ, ಈಗ ಊರು ಬಿಟ್ಟರೆ ತಪ್ಪಿಹೋಗುತ್ತದೆ. ಅದೊಂದು ಆಗಲಿ. ಶ್ರಾವಣದಲ್ಲಿ, ಮೊದಲ ಸೋಮವಾರ, ಖಂಡಿತ.

ನಿನ್ನ,
ಕೊಟ್ಟೂರಪ್ಪ


ಹರಿಹರ
3 ಸೆಪ್ಟೆಂಬರ್ 1967

ಕೊಟ್ಟೂರಪ್ಪನವರಿಗೆ,

ನಬೀ ಸಾಬ್ ನಿವೃತ್ತಿಯಾದರು. ಲಕೋಟೆಯ ಮೇಲೆ ನಾನೇ ಬರೆದಿದ್ದೇನೆ. ಅಕ್ಷರ ನೆಟ್ಟಗೆ ಬಂದಿದೆ.

ನಿಮಗೆ ನಿಗಮ ಸಿಕ್ಕಿದ್ದನ್ನು ಪತ್ರಿಕೆಯಲ್ಲಿ ನೋಡಿದೆ, ಸಂತೋಷ. ಹಾರ ಹಾಕಿಕೊಂಡ ಚಿತ್ರವೂ ಇತ್ತು.

ಶ್ರಾವಣದ ಮೊದಲ ಸೋಮವಾರ ಹೊಸ ಸೀರೆ ಉಟ್ಟುಕೊಂಡು ಸ್ಟೇಷನ್ನಿಗೆ ಹೋಗಿದ್ದೆ. ಎರಡನೆಯ ಸೋಮವಾರವೂ ಹೋದೆ. ಆಮೇಲಿನ ಸೋಮವಾರಗಳಲ್ಲಿ ಮನೆಯಲ್ಲೇ ಇದ್ದೆ. ನಿಮಗೆ ಕೆಲಸವಿರುತ್ತದೆ, ಅದು ನನಗೆ ಗೊತ್ತು. ನಿಮ್ಮನ್ನು ಬೈಯಲು ಈ ಕಾಗದ ಬರೆಯುತ್ತಿಲ್ಲ.

ನೀವು ನನ್ನ ಹೆಸರು ಬರೆದ ಕಾಗದವನ್ನು ಬಹಳ ಸಲ ಓದಿದೆ. ಓದಿದಾಗಲೆಲ್ಲ ಮೊದಲು ಸಂತೋಷವಾಗುತ್ತಿತ್ತು. ಆಮೇಲೆ ತಿಪ್ಪಮ್ಮನ ಮಾತು ನೆನಪಾಗುತ್ತಿತ್ತು. ನಾನು ನಿಮ್ಮ ಹೆಸರು ಹೇಳಿದೆ, ನೀವು ನನ್ನ ಹೆಸರು ಹೇಳಿದಿರಿ. ಅವಳ ಲೆಕ್ಕದಲ್ಲಿ ಇನ್ನು ಪಂಚಾಯ್ತಿಯೂ ಬೇಕಾಗಿಲ್ಲ. ಅವಳಿಗೆ ಈ ಕಾಗದದ ವಿಷಯ ಹೇಳಿಲ್ಲ.

ಹೊಳೆಸಾಲಿನ ಹೆಂಗಸರು ಸಂತೆಗೆ ಬಂದಾಗ ನಮ್ಮ ಜಗಲಿಯ ಮೇಲೆ ಬುಟ್ಟಿ ಇಳಿಸಿ, ಕೂತು ಎಲೆಅಡಿಕೆ ಹಾಕಿಕೊಂಡು ಹೋಗುತ್ತಾರೆ. ಮನೆಯಲ್ಲಿ ಮತ್ತೆ ಸ್ವಲ್ಪ ಶಬ್ದವಿದೆ. ನಿಮ್ಮ ಹೆಸರು ಯಾರೂ ಎತ್ತುವುದಿಲ್ಲ.

ನಿನ್ನೆ ಓಬವ್ವ ಬಂದಿದ್ದಳು. ಈ ಸಲ ಹೆಸರುಕಾಳಿನ ರಾಶಿಯಂತೆ, ಮೊರ ತುಂಬ ತಂದಿದ್ದಳು. ಹೋದ ಸಲ ನಾನು ಬೈದದ್ದು ನೆನಪಿದ್ದು, ಒಳಗೆ ಬರದೆ ಹೊಸಿಲಾಚೆಯೇ ನಿಂತಿದ್ದಳು. ಹೆಸರುಕಾಳು ಚೆನ್ನಾಗಿತ್ತು, ಕಲ್ಲು ಕಸ ಇರಲಿಲ್ಲ.

ಸೆರಗು ಒಡ್ಡಿ ತೆಗೆದುಕೊಂಡೆ.

ಅಕ್ಕನಾಗಮ್ಮ